ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದರೆ ಉರಿ ಯಾಕೆ ಜಾಸ್ತಿ? ಹೊಟ್ಟೆಯ ಆಸಿಡ್‌ಗೆ ಅಪ್ಪಣೆ ಕೊಡುವವರು ಯಾರು?

ಕಡಿಯಾಳಿ_ಮಗಳು, ಉಡುಪಿ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಂಟೊಪ್ರಜೋಲ್ ನುಂಗುವುದು ಅವರಿಗೆ ವರ್ಷಗಳಿಂದ ರೂಢಿ. ಗ್ಯಾಸ್ಟ್ರಿಕ್ ಮಾತ್ರೆ ಇಷ್ಟು ಕಾಲ ತಿನ್ನಬಾರದು ಅಂತ ಮದುವೆ ಮನೆಯಲ್ಲಿ ಯಾರೋ ಹೇಳಿದರಂತೆ. ಮರುದಿನವೇ ನಿಲ್ಲಿಸಿಬಿಟ್ಟರು. ಸ್ವಲ್ಪ ದಿನ ಏನೂ ತೊಂದರೆ ಇರಲಿಲ್ಲ. ಆಮೇಲೆ ಎದೆ ಉರಿ, ಹುಳಿ ತೇಗು ಶುರುವಾಯಿತು. ಮಾತ್ರೆ ಹಿಡಿಯುವ ಮೊದಲು ಇದ್ದದ್ದಕ್ಕಿಂತ ಈಗ ಜಾಸ್ತಿ ಅನ್ನುತ್ತಾರೆ. ರಾತ್ರಿ ಎದ್ದು ಕೂರುತ್ತಾರೆ. ನೋಡಲಿಕ್ಕೆ ಆಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಮಾತ್ರೆಗೆ ಹೊಟ್ಟೆ ಒಗ್ಗಿಹೋಗುತ್ತದಾ? ಎಷ್ಟು ಆಸಿಡ್ ಬರಬೇಕು ಅಂತ ಒಳಗೆ ತೀರ್ಮಾನ ಮಾಡುವುದು ಯಾರು? ಡಾಕ್ಟರ ಹತ್ತಿರ ಹೋಗುತ್ತೇವೆ. ಹೋಗುವ ಮೊದಲು ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ.

ರಥಬೀದಿ_ಅಡುಗೆ

ಅಕ್ಕಾ, ರಾತ್ರಿ ಊಟ ಬೇಗ ಮುಗಿಸಲಿ. ಕುಚ್ಚಲಕ್ಕಿ ಗಂಜಿ, ಒಂದು ತಂಬುಳಿ ಸಾಕು. ಮಲಗುವ ಮೊದಲು ಜೀರಿಗೆ ಕಷಾಯ ಕೊಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ. ಈ ಮಾತ್ರೆಗಳೆಲ್ಲ ಯಾಕೆ ಬೇಕು ಅಂತ ನನಗೆ ಅನಿಸುತ್ತದೆ. ಆಸಿಡ್ ಅಷ್ಟು ಕೆಟ್ಟದ್ದಾದರೆ ದೇವರು ಹೊಟ್ಟೆಯಲ್ಲಿ ಇಡುತ್ತಿದ್ದನಾ?

ಪಾಠದ_ಮಾಸ್ಟ್ರು, ದೇರಳಕಟ್ಟೆ

ಶರೀರಕ್ರಿಯಾ ಶಾಸ್ತ್ರ ಪಾಠ ಮಾಡಿದವನು ನಾನು. ಔಷಧ ಬರೆದುಕೊಡುವ ಡಾಕ್ಟರ್ ಅಲ್ಲ. ಒಳಗೆ ನಡೆಯುವುದನ್ನು ಮಾತ್ರ ಹೇಳುತ್ತೇನೆ.

ಅಡುಗೆಯವರು ಕೊನೆಗೆ ಹೇಳಿದ ಮಾತು ನಿಜ. ಆಸಿಡ್ ಬೇಕೇ ಬೇಕು. ಬಂಗುಡೆ ತಿಂದರೂ, ತೊವ್ವೆ ತಿಂದರೂ, ಅದರ ಪ್ರೋಟೀನ್ ತುಂಡರಿಸುವುದು ಪೆಪ್ಸಿನ್ ಎಂಬ ಕಿಣ್ವ. ಆಸಿಡ್ ಇಲ್ಲದೆ ಪೆಪ್ಸಿನ್ ಕೆಲಸ ಮಾಡುವುದಿಲ್ಲ. ಊಟದ ಜೊತೆ ಒಳಗೆ ಬರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುವುದೂ ಅಲ್ಲೇ. ಆಹಾರದಲ್ಲಿರುವ ಕಬ್ಬಿಣ ಮತ್ತು ಬಿ12 ಮೈಗೆ ಸಿಗಬೇಕಾದರೂ ಅದರ ಸಹಾಯ ಬೇಕು. ದಿನಕ್ಕೆ ಸುಮಾರು 2 ಲೀಟರ್ ಜಠರ ರಸ ಬರುತ್ತದೆ. ಅದರ ಪಿಎಚ್ 1ರಿಂದ 2. ಪಿಎಚ್ ಅಂದರೆ ಆಮ್ಲದ ಅಳತೆ, ಅಂಕೆ ಇಳಿದಷ್ಟೂ ಆಸಿಡ್ ತೀಕ್ಷ್ಣ. ಆಸಿಡ್ ಕೋಶದಿಂದ ಹೊರಬೀಳುವ ಜಾಗದಲ್ಲಂತೂ ಹೈಡ್ರೋಜನ್ ಅಯಾನುಗಳು ರಕ್ತದಲ್ಲಿ ಇರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಇಷ್ಟು ತೀಕ್ಷ್ಣವಾದದ್ದನ್ನು ದೇಹ ಸುಮ್ನೆ ಸುರಿಯಲು ಬಿಡುವುದಿಲ್ಲ.

ಆಸಿಡ್ ತಯಾರಿಸುವುದು ಜಠರದ ಮೇಲಿನ ಮತ್ತು ನಡುವಿನ ಭಾಗದಲ್ಲಿರುವ ಪೆರೈಟಲ್ ಕೋಶಗಳು. ಅವುಗಳಲ್ಲಿ ಪ್ರೋಟಾನ್ ಪಂಪ್‌ಗಳಿವೆ. ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆ ತಂದು, ಒಂದು ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳುವುದು ಪಂಪಿನ ಕೆಲಸ. ಸುಮ್ಮನಿರುವ ಹೊತ್ತಿನಲ್ಲಿ ಹೆಚ್ಚಿನ ಪಂಪ್‌ಗಳು ಕೋಶದ ಒಳಗೇ, ಸಣ್ಣ ಚೀಲಗಳ ಗೋಡೆಯಲ್ಲಿ ಅಡಗಿರುತ್ತವೆ. ಅಪ್ಪಣೆ ಬಂದಾಗ ಆ ಚೀಲಗಳು ಹೊರಪೊರೆಗೆ ಬಂದು ಸೇರಿಕೊಳ್ಳುತ್ತವೆ. ಆಗ ಪಂಪ್ ಓಡುತ್ತದೆ.

ಅಪ್ಪಣೆ ತರುವ ರಾಸಾಯನಿಕಗಳು ಮುಖ್ಯವಾಗಿ ಮೂರು. ಅಸಿಟೈಲ್‌ಕೋಲಿನ್ ಬರುವುದು ನರದಿಂದ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮಾತನ್ನು ಅದು ಆಸಿಡ್ ಕೋಶಕ್ಕೆ ಮುಟ್ಟಿಸುತ್ತದೆ. ಗ್ಯಾಸ್ಟ್ರಿನ್ ಒಂದು ಹಾರ್ಮೋನು. ಜಠರದ ಕೆಳಭಾಗದ ಜಿ ಕೋಶಗಳು ಅದನ್ನು ರಕ್ತಕ್ಕೆ ಬಿಡುತ್ತವೆ. ಅದು ಮೈಯೆಲ್ಲ ಸುತ್ತಿ ಮತ್ತೆ ಅದೇ ಜಠರದ ಮೇಲ್ಭಾಗಕ್ಕೆ ಬಂದು ಕೆಲಸ ಮಾಡುತ್ತದೆ. ಮೂರನೆಯದು ಹಿಸ್ಟಮಿನ್. ಇದು ದೂರದಿಂದ ಬರುವುದಿಲ್ಲ. ಆಸಿಡ್ ಕೋಶದ ಪಕ್ಕದಲ್ಲೇ ಇರುವ ಇಸಿಎಲ್ ಕೋಶಗಳು ಬಿಡುತ್ತವೆ, ಪಕ್ಕದ ಕೋಶಕ್ಕೆ ತಾಗುತ್ತದೆ.

ಈ ಮೂರರಲ್ಲಿ ಹಿಸ್ಟಮಿನ್ ಸ್ಥಾನ ದೊಡ್ಡದು. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಸಿಟಿ ಬಸ್ ಹತ್ತಿದವರು ಎಷ್ಟು ಅವಸರ ಮಾಡಿದರೂ ಡ್ರೈವರ್ ಗಾಡಿ ಬಿಡುವುದಿಲ್ಲ, ಕಂಡಕ್ಟರ್ ವಿಶಲ್ ಹೊಡೆಯಬೇಕು. ಗ್ಯಾಸ್ಟ್ರಿನ್ ಕೂಡ ಹೀಗೆ. ಆಸಿಡ್ ಕೋಶದ ಮೇಲೆ ಅದಕ್ಕೆ ನೇರ ಜಾಗ ಇದೆ. ಆದರೂ ಅದರ ಕೆಲಸದ ದೊಡ್ಡ ಪಾಲು ನಡೆಯುವುದು ಇಸಿಎಲ್ ಕೋಶಕ್ಕೆ ಹೇಳಿ ಹಿಸ್ಟಮಿನ್ ಬಿಡಿಸುವ ಮೂಲಕ.

ಇನ್ನೊಂದು ವಿಷಯ ಇದೆ. ಹಿಸ್ಟಮಿನ್ ತಾಗಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣು ಏರುತ್ತದೆ. ಉಳಿದ ಎರಡು ತಾಗಿದಾಗ ಕ್ಯಾಲ್ಸಿಯಂ ಏರುತ್ತದೆ. ಎರಡು ದಾರಿಯೂ ಕೊನೆಗೆ ಪಂಪಿಗೇ ಹೋಗುತ್ತವೆ. ಒಟ್ಟಿಗೆ ಬಂದರೆ ಬರುವ ಆಸಿಡ್, ಒಂದೊಂದಾಗಿ ಬಂದಾಗಿನದ್ದನ್ನು ಕೂಡಿಸಿದ್ದಕ್ಕಿಂತ ಜಾಸ್ತಿ. ಹಾಗಾಗಿ ಒಂದು ದೂತನನ್ನು ತಡೆದರೂ ಉಳಿದವುಗಳ ಬಲ ಕುಗ್ಗುತ್ತದೆ.

ಬಿಎಸ್ಸಿ_ಕುಂದಾಪುರ

ಸರ್, ಎರಡು ಡೌಟ್. ಮೀನು ಹುರಿಯುವ ವಾಸನೆ ಬಂದರೆ ಸಾಕು, ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಊಟ ಒಳಗೆ ಹೋಗುವ ಮೊದಲೇ ಆಸಿಡ್ ಬರುತ್ತದಾ? ಇನ್ನೊಂದು, ಶೀತ ಆದಾಗ ತಿನ್ನುವ ಸೆಟಿರಿಜಿನ್ ಸಹ ಹಿಸ್ಟಮಿನ್ ತಡೆಯುವ ಮಾತ್ರೆ ಅಲ್ವಾ? ಹಾಗಾದರೆ ಅದನ್ನು ತಿಂದರೆ ಆಸಿಡ್ ಕಡಿಮೆ ಆಗಬೇಕಲ್ಲ?

ಪಾಠದ_ಮಾಸ್ಟ್ರು, ದೇರಳಕಟ್ಟೆ

ಎರಡೂ ಒಳ್ಳೆಯ ಪ್ರಶ್ನೆ ಮಗೂ. ಎರಡನೆಯದರ ಉತ್ತರಕ್ಕೆ ನೊಬೆಲ್ ಬಂದಿದೆ.

ವಾಸನೆ, ನೋಟ, ಜಗಿಯುವುದು, ಊಟದ ಯೋಚನೆ, ಎಲ್ಲವೂ ವೇಗಸ್ ನರವನ್ನು ಎಬ್ಬಿಸುತ್ತವೆ. ರಷ್ಯಾದ ಪಾವ್ಲೋವ್ ಇದನ್ನು ನಾಯಿಗಳಲ್ಲಿ ತೋರಿಸಿದರು. ನಾಯಿ ತಿಂದದ್ದು ಜಠರಕ್ಕೆ ಹೋಗದೆ ಕುತ್ತಿಗೆಯಲ್ಲೇ ಹೊರಬೀಳುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಆದರೂ ಜಠರದಲ್ಲಿ ರಸ ಬಂತು. ವೇಗಸ್ ಕತ್ತರಿಸಿದರೆ ಬರಲಿಲ್ಲ. 1904ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಒಂದು ಊಟಕ್ಕೆ ಬರುವ ಆಸಿಡ್‌ನಲ್ಲಿ ಸುಮಾರು 30 ಶೇಕಡಾ ಈ ಹಂತದ್ದು, 60 ಶೇಕಡಾ ಊಟ ಜಠರದಲ್ಲಿ ಇರುವಾಗಿನದ್ದು, ಉಳಿದದ್ದು ಸಣ್ಣ ಕರುಳಿಗೆ ಇಳಿದ ಮೇಲೆ ಅಂತ ಪಠ್ಯಪುಸ್ತಕಗಳು ಲೆಕ್ಕ ಕೊಡುತ್ತವೆ.

ಈಗ ಹಿಸ್ಟಮಿನ್. 1905ರಲ್ಲಿ ಲಂಡನ್ನಿನ ಎಡ್ಕಿನ್ಸ್, ಜಠರದ ಕೆಳಭಾಗದ ಸಾರದಲ್ಲಿ ಆಸಿಡ್ ಬರಿಸುವ ಏನೋ ಇದೆ ಅಂತ ಹೇಳಿ ಅದಕ್ಕೆ ಗ್ಯಾಸ್ಟ್ರಿನ್ ಎಂದು ಹೆಸರಿಟ್ಟರು. ಆಮೇಲೆ ಹಿಸ್ಟಮಿನ್ ಸಹ ಜೋರಾಗಿ ಆಸಿಡ್ ಬರಿಸುತ್ತದೆ ಎಂದು ಪೋಪಿಯೆಲ್ಸ್ಕಿ ತೋರಿಸಿದರು. ಜಠರದ ಸಾರದಲ್ಲೂ ಹಿಸ್ಟಮಿನ್ ಇತ್ತು. ಹಾಗಾಗಿ ಗ್ಯಾಸ್ಟ್ರಿನ್ ಎಂಬುದೇ ಇಲ್ಲ, ಅದೆಲ್ಲ ಹಿಸ್ಟಮಿನ್ ಅಂತ ಬಹಳ ಜನ ದಶಕಗಳ ಕಾಲ ನಂಬಿದ್ದರು. ಎಡ್ಕಿನ್ಸ್ ಹೇಳಿದ್ದು ಸರಿ ಅಂತ ಪೂರ್ತಿ ಖಾತ್ರಿಯಾದದ್ದು 1964ರಲ್ಲಿ. ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಹಂದಿಯ ಜಠರದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. 17 ಅಮೈನೋ ಆಮ್ಲಗಳ ಸಣ್ಣ ಸರ ಅದು.

ಅಲರ್ಜಿಗೆ ಕೊಡುವ ಹಿಸ್ಟಮಿನ್ ವಿರೋಧಿ ಮಾತ್ರೆಗಳು ಆಗಲೇ ಇದ್ದವು. ಅವುಗಳಿಂದ ಆಸಿಡ್ ಮಾತ್ರ ನಿಲ್ಲುತ್ತಿರಲಿಲ್ಲ. ಜೇಮ್ಸ್ ಬ್ಲ್ಯಾಕ್ ಹಿಡಿದದ್ದು ಇದೇ ಎಳೆಯನ್ನು. ಹೊಟ್ಟೆಯಲ್ಲಿ ಹಿಸ್ಟಮಿನ್ ಕೂರುವ ಜಾಗ ಬೇರೆ ಇರಬೇಕು ಅಂತ ಹುಡುಕಿದರು. ಅದೇ ಎಚ್2. ಮೂಗಿನಲ್ಲಿ, ಚರ್ಮದಲ್ಲಿ ಅಲರ್ಜಿಗೆ ಕಾರಣವಾಗುವುದು ಎಚ್1. ನಿನ್ನ ಸೆಟಿರಿಜಿನ್ ತಡೆಯುವುದು ಎಚ್1 ಅನ್ನು. 1972ರಲ್ಲಿ ಬ್ಲ್ಯಾಕ್ ತಂಡ ಎಚ್2 ತಡೆಯುವ ಬುರಿಮಮೈಡ್ ಬಗ್ಗೆ ಪ್ರಕಟಿಸಿತು. 1976ರಲ್ಲಿ ಬ್ರಿಟನ್ನಿನಲ್ಲಿ ಅದೇ ಜಾತಿಯ ಸಿಮೆಟಿಡಿನ್ ಮಾತ್ರೆ ಮಾರಾಟಕ್ಕೆ ಬಂತು. ಅದಕ್ಕೆ ಮೊದಲು ಹುಣ್ಣಿನ ರೋಗಿಗಳಿಗೆ ಜಠರದ ಭಾಗವನ್ನೇ ಕತ್ತರಿಸುವುದು, ವೇಗಸ್ ನರ ಕತ್ತರಿಸುವುದು ಸಾಮಾನ್ಯವಾಗಿತ್ತು. ಒಂದು ಮಾತ್ರೆಯಿಂದ ಎಷ್ಟು ಜನರ ಹೊಟ್ಟೆ ಚೂರಿಯಿಂದ ಉಳಿಯಿತು ಅಂತ ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 1988ರಲ್ಲಿ ಬ್ಲ್ಯಾಕ್ ಅವರಿಗೂ ನೊಬೆಲ್ ಬಂತು.

ಕಡಿಯಾಳಿ_ಮಗಳು, ಉಡುಪಿ

ಮಾಸ್ಟ್ರೇ, ಆಸಿಡ್ ಬರಿಸುವವರು ಯಾರು ಅಂತ ತಿಳಿಯಿತು. ಸಾಕು ಅಂತ ಹೇಳುವವರು ಯಾರೂ ಇಲ್ಲವಾ? ಅಪ್ಪನ ಹೊಟ್ಟೆಯಲ್ಲಿ ಅದೇ ಕೆಟ್ಟಿದೆಯಾ?

ಪಾಠದ_ಮಾಸ್ಟ್ರು, ದೇರಳಕಟ್ಟೆ

ಇದ್ದಾರೆ. ನಿಮ್ಮ ಅಪ್ಪನ ಉರಿಯ ಗುಟ್ಟೂ ಬಹುಮಟ್ಟಿಗೆ ಅಲ್ಲೇ ಇದೆ.

ಜಠರದ ಗೋಡೆಯಲ್ಲಿ ಡಿ ಕೋಶಗಳಿವೆ. ಅವು ಬಿಡುವುದು ಸೊಮಾಟೊಸ್ಟಾಟಿನ್. ಅದು ಜಿ ಕೋಶಕ್ಕೆ ಗ್ಯಾಸ್ಟ್ರಿನ್ ಬಿಡಬೇಡ ಅನ್ನುತ್ತದೆ. ಇಸಿಎಲ್ ಕೋಶಕ್ಕೆ ಹಿಸ್ಟಮಿನ್ ಬಿಡಬೇಡ ಅನ್ನುತ್ತದೆ. ಆಸಿಡ್ ಕೋಶವನ್ನೂ ನೇರವಾಗಿ ತಡೆಯುತ್ತದೆ. ಡಿ ಕೋಶವನ್ನು ಎಬ್ಬಿಸುವುದು ಯಾವುದು ಗೊತ್ತಾ? ಆಸಿಡ್ಡೇ. ಜಠರದಲ್ಲಿ ಪಿಎಚ್ 3ಕ್ಕಿಂತ ಕೆಳಗೆ ಇಳಿದಂತೆ ಸೊಮಾಟೊಸ್ಟಾಟಿನ್ ಏರುತ್ತದೆ, ಗ್ಯಾಸ್ಟ್ರಿನ್ ಇಳಿಯುತ್ತದೆ. ಊಟ ಮಾಡಿದಾಗ ಅನ್ನ, ಬೇಳೆ, ಮೀನು ಆಸಿಡ್ ಹೀರಿಕೊಂಡು ಪಿಎಚ್ ಮೇಲೆ ಹೋಗುತ್ತದೆ. ಆಗ ಡಿ ಕೋಶ ಸುಮ್ಮನಾಗುತ್ತದೆ, ಗ್ಯಾಸ್ಟ್ರಿನ್ ಹೊರಡುತ್ತದೆ. ಊಟ ಖಾಲಿಯಾದಂತೆ ಮತ್ತೆ ಬ್ರೇಕ್. ಖಾಲಿ ಹೊಟ್ಟೆಯಲ್ಲಿ ಆಸಿಡ್ ಏರುತ್ತಲೇ ಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರುವುದು ಗರಿಷ್ಠದ ಹತ್ತರಲ್ಲಿ ಒಂದು ಪಾಲಿನಷ್ಟು.

ಕೆಳಗೆ ಸಣ್ಣ ಕರುಳಿನಿಂದಲೂ ತಡೆ ಬರುತ್ತದೆ. ಆಸಿಡ್ ಅಲ್ಲಿಗೆ ಇಳಿದರೆ ಸೆಕ್ರೆಟಿನ್ ಹೊರಬೀಳುತ್ತದೆ. 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದ ಮೊದಲ ಹಾರ್ಮೋನು ಇದೇ. ಅದು ಮೇದೋಜೀರಕ ಗ್ರಂಥಿಯಿಂದ ಬೈಕಾರ್ಬನೇಟ್ ತರಿಸುತ್ತದೆ, ಜಠರಕ್ಕೂ ನಿಧಾನ ಮಾಡು ಅನ್ನುತ್ತದೆ.

ಈಗ ಪ್ಯಾಂಟೊಪ್ರಜೋಲ್ ಹಾಕಿ ನೋಡಿ. ಅದು ದೂತರನ್ನು ಮುಟ್ಟುವುದೇ ಇಲ್ಲ. ನೇರ ಪಂಪಿಗೆ ಅಂಟಿ ಅದನ್ನು ನಿಲ್ಲಿಸುತ್ತದೆ. ಆಸಿಡ್ ಇಲ್ಲ. ಆಸಿಡ್ ಇಲ್ಲದ ಕಾರಣ ಡಿ ಕೋಶಕ್ಕೆ ಎಚ್ಚರ ಇಲ್ಲ. ಗ್ಯಾಸ್ಟ್ರಿನ್‌ಗೆ ತಡೆ ಇಲ್ಲ. ದಿನಗಟ್ಟಲೆ, ವರ್ಷಗಟ್ಟಲೆ ಗ್ಯಾಸ್ಟ್ರಿನ್ ಏರಿಯೇ ಇರುತ್ತದೆ. ಗ್ಯಾಸ್ಟ್ರಿನ್‌ಗೆ ಇನ್ನೊಂದು ಗುಣ ಉಂಟು, ಅದು ಇಸಿಎಲ್ ಕೋಶಗಳನ್ನು ಬೆಳೆಸುತ್ತದೆ. ಹಿಸ್ಟಮಿನ್ ಬಿಡುವವರ ಸಂಖ್ಯೆಯೇ ಹೆಚ್ಚುತ್ತದೆ. ಪಂಪ್ ಬಂದ್ ಆಗಿರುವವರೆಗೆ ಇದು ಯಾರಿಗೂ ತಿಳಿಯುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಕೋಶ ಹೊಸ ಪಂಪ್‌ಗಳನ್ನು ಮಾಡಿಕೊಳ್ಳಲು ಕೆಲವು ದಿನ ಬೇಕು. ನಿಮ್ಮ ಅಪ್ಪನಿಗೆ ಮೊದಲ ಕೆಲವು ದಿನ ಹಾಯಾಗಿದ್ದದ್ದು ಅದಕ್ಕೇ. ಆಮೇಲೆ ಎಲ್ಲ ಅಪ್ಪಣೆ ಒಮ್ಮೆಲೇ ಜಾರಿಗೆ ಬರುತ್ತದೆ.

ಡೆನ್ಮಾರ್ಕಿನಲ್ಲಿ ಇದನ್ನು ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದ್ದರು. 2009ರಲ್ಲಿ ಪ್ರಕಟವಾಯಿತು. ಹೊಟ್ಟೆಯ ತೊಂದರೆಯೇ ಇಲ್ಲದ 120 ಜನ. ಅರ್ಧದಷ್ಟು ಜನರಿಗೆ 8 ವಾರ ಪ್ಯಾಂಟೊಪ್ರಜೋಲ್ ಜಾತಿಯದ್ದೇ ಆದ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ನಂತರದ ವಾರಗಳಲ್ಲಿ ಅವರಲ್ಲಿ 44 ಶೇಕಡಾ ಜನರಿಗೆ ಉರಿ, ಹುಳಿ ತೇಗಿನಂಥ ಲಕ್ಷಣ ಬಂತು. ಸುಮ್ನೆ ಹುಸಿ ಮಾತ್ರೆ ತಿಂದವರಲ್ಲಿ 15 ಶೇಕಡಾ. ಅಂದರೆ ಇದು ಚಟ ಅಲ್ಲ, ಮೂಲ ಕಾಯಿಲೆ ಕೆರಳಿದ್ದೂ ಆಗಬೇಕಿಲ್ಲ. ಕೆಲವು ವಾರಗಳಲ್ಲಿ, ಹೆಚ್ಚು ಕಾಲ ತಿಂದವರಿಗೆ ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಚೆಂಡೆ_ಮದ್ದಳೆ

ನಾನು ಯಕ್ಷಗಾನ ಮೇಳದಲ್ಲಿ ಹಿಮ್ಮೇಳದವ. ಮೇ ಕೊನೆಯ ಪತ್ತನಾಜೆವರೆಗೆ ತಿರುಗಾಟ. ಕಾಲಮಿತಿ ಆಟ ಆದರೂ ಮುಗಿಯುವಾಗ ಮಧ್ಯರಾತ್ರಿ. ಬಂದ ಕೂಡಲೇ ಹೊಟ್ಟೆ ತುಂಬ ಉಂಡು ಮಲಗುವುದು. ಮೇಳದಲ್ಲಿ ಅರ್ಧ ಜನಕ್ಕೆ ಎದೆ ಉರಿ ಉಂಟು. ರಾತ್ರಿ ಆಸಿಡ್ ಜಾಸ್ತಿ ಬರುವುದಾ, ಅಲ್ಲ ನಮ್ಮ ಊಟದ ಹೊತ್ತಿನ ದೋಷವಾ?

ಮೆಡಿಕಲ್_ಕೌಂಟರ್, ಮಂಗಳೂರು

ಅಣ್ಣ, ಎರಡೂ ಸೇರಿದೆ. ಊಟ ಇಲ್ಲದೆಯೂ ಬರುವ ಆಸಿಡ್ ಸಂಜೆಯಿಂದ ಮಧ್ಯರಾತ್ರಿ ಹೊತ್ತಿಗೆ ಹೆಚ್ಚು, ಬೆಳಗಿನ ಜಾವ ಕಡಿಮೆ. ಅದರ ಮೇಲೆ ದೊಡ್ಡ ಊಟ. ಅದರ ಮೇಲೆ ಮಲಗುವುದು. ಎದೆ ಉರಿ ಅಂದರೆ ಆಸಿಡ್ ಜಾಸ್ತಿ ಅಂತಲೇ ಅರ್ಥ ಅಲ್ಲ. ಅನ್ನನಾಳದ ಕೆಳಗೆ ಬಿಗಿಯಾಗಿರಬೇಕಾದ ಸ್ನಾಯು ಸಡಿಲವಾದರೆ, ಸಾಮಾನ್ಯ ಪ್ರಮಾಣದ ಆಸಿಡ್ ಸಹ ಮೇಲೆ ಬಂದು ಉರಿಸುತ್ತದೆ. ಆಟ ಶುರುವಾಗುವ ಮೊದಲೇ ಮುಖ್ಯ ಊಟ ಮುಗಿಸಿ, ಆಮೇಲೆ ಹಗುರವಾಗಿ ಏನಾದರೂ ತಿನ್ನಿ. ಮಲಗುವಾಗ ಎಡ ಮಗ್ಗುಲು ಒಳ್ಳೆಯದು. ಮಂಚದ ತಲೆಯ ಕಡೆ ಸ್ವಲ್ಪ ಎತ್ತರಿಸಿದರೆ ಇನ್ನೂ ಒಳ್ಳೆಯದು.

ಕೌಂಟರಿನಲ್ಲಿ ನಿಂತು ನೋಡುವುದು ಹೇಳುತ್ತೇನೆ. "ಒಂದು ಗ್ಯಾಸ್ ಮಾತ್ರೆ ಕೊಡಿ" ಅನ್ನುತ್ತಾರೆ. ಅದರಲ್ಲಿ ಮೂರು ಜಾತಿ ಇದೆ. ಜೆಲುಸಿಲ್‌ನಂಥವು ಬಂದ ಆಸಿಡ್ ಅನ್ನು ಶಮನ ಮಾಡುತ್ತವೆ, ಅಷ್ಟೇ. ಫಾಮೋಟಿಡಿನ್ ಮಾಸ್ಟ್ರು ಹೇಳಿದ ಎಚ್2 ಜಾಗದಲ್ಲಿ ಕೂರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಪಂಪ್ ನಿಲ್ಲಿಸುತ್ತವೆ. ಈ ಕೊನೆಯವು ಓಡುತ್ತಿರುವ ಪಂಪಿಗೆ ಮಾತ್ರ ಅಂಟುತ್ತವೆ. ರಕ್ತದಲ್ಲಿ ಒಂದೆರಡು ಗಂಟೆ ಮಾತ್ರ ಜೋರಾಗಿ ಇರುತ್ತವೆ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು ಅಂತ ಹೇಳುವುದು. ಬನ್ಸ್ ತಿಂದು, ಚಹಾ ಕುಡಿದು, ಉರಿ ಬಂದ ಮೇಲೆ ನುಂಗಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಪುಡಿ ಮಾಡಿ ತಿನ್ನಲೂಬಾರದು.

ಕಡಿಯಾಳಿಯ ಅಕ್ಕಾ, ಅಪ್ಪ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಇದು ತಿಳಿಯದೆ ಮುಂದೆ ಮಾತಾಡುವುದು ಬೇಡ.

ಕಡಿಯಾಳಿ_ಮಗಳು, ಉಡುಪಿ

ಬಿಪಿಗೆ ಒಂದು. ಮಂಡಿ ನೋವಿಗೆ ಡೈಕ್ಲೋಫೆನಾಕ್, ದಿನಾ ಅಲ್ಲದಿದ್ದರೂ ವಾರದಲ್ಲಿ ಹೆಚ್ಚಿನ ದಿನ. ಅದನ್ನು ನಿಲ್ಲಿಸಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಮೆಡಿಕಲ್_ಕೌಂಟರ್, ಮಂಗಳೂರು

ದೊಡ್ಡ ಸಂಬಂಧ ಉಂಟು. ಅಕ್ಕಾ, ದಯವಿಟ್ಟು ಇದನ್ನು ತಡ ಮಾಡಬೇಡಿ.

ಮಾಸ್ಟ್ರು ಹೇಳಿದ ದೂತರ ಪಟ್ಟಿಯಲ್ಲಿ ಇನ್ನೊಂದು ಉಳಿದಿದೆ. ಪ್ರೊಸ್ಟಗ್ಲಾಂಡಿನ್. ಅದು ಆಸಿಡ್ ಕೋಶವನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ ಜಠರದ ಒಳಗೋಡೆಯ ಲೋಳೆ, ಆ ಲೋಳೆಯಲ್ಲಿರುವ ಬೈಕಾರ್ಬನೇಟ್, ಗೋಡೆಯ ರಕ್ತ ಸಂಚಾರ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ನೋವು ಕಡಿಮೆ ಮಾಡುವುದೇ ಪ್ರೊಸ್ಟಗ್ಲಾಂಡಿನ್ ತಯಾರಿಕೆ ನಿಲ್ಲಿಸಿ. ಇದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಮಂಡಿಯಲ್ಲಿ ನಿಲ್ಲುವಾಗ ಹೊಟ್ಟೆಯಲ್ಲೂ ನಿಲ್ಲುತ್ತದೆ. ಊಟದ ನಂತರ ತಿಂದರೂ, ಇಂಜೆಕ್ಷನ್ ಹಾಕಿಸಿದರೂ ಈ ಅಪಾಯ ಹೋಗುವುದಿಲ್ಲ, ರಕ್ತದ ಮೂಲಕ ಅಲ್ಲಿಗೆ ತಲುಪಿಯೇ ತಲುಪುತ್ತದೆ.

ವಯಸ್ಸಾದವರಿಗೆ ನೋವಿನ ಮಾತ್ರೆಯ ಜೊತೆ ಪ್ಯಾಂಟೊಪ್ರಜೋಲ್ ಬರೆಯುವುದು ಹುಣ್ಣು, ರಕ್ತಸ್ರಾವ ಆಗದಿರಲಿ ಅಂತ. ನಿಮ್ಮ ಅಪ್ಪ ಕಾವಲು ತೆಗೆದು ನೋವಿನ ಮಾತ್ರೆ ಉಳಿಸಿಕೊಂಡಿದ್ದಾರೆ. ಆಸಿಡ್ ಮರುಕಳಿಸುವ ಹೊತ್ತಿನಲ್ಲೇ ಗೋಡೆಯೂ ದುರ್ಬಲ. ನಾಳೆಯೇ ಡಾಕ್ಟರನ್ನು ಕಾಣಿಸಿ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತಲೆ ಸುತ್ತು ಬಂದರೆ ನಾಳೆಯವರೆಗೂ ಕಾಯಬೇಡಿ. ಉರಿಯ ಜೊತೆ ಬೆವರು, ಎಡಗೈ ನೋವು, ಉಸಿರು ಕಟ್ಟಿದಂತಾದರೆ ಗ್ಯಾಸ್ ಅಂತ ಮನೆಯಲ್ಲಿ ಕೂರದೆ ಇಸಿಜಿ ಮಾಡಿಸಿ.

ರಥಬೀದಿ_ಅಡುಗೆ

ಅಯ್ಯೋ, ನೋವಿನ ಮಾತ್ರೆಯ ವಿಷಯ ಇದ್ದರೆ ನನ್ನ ಕಷಾಯ ಬದಿಗಿರಲಿ, ಮೊದಲು ಡಾಕ್ಟರು. ಆದರೆ ಊಟದ ಬಗ್ಗೆ ಮಾಸ್ಟ್ರು ಸ್ವಲ್ಪ ಹೇಳಬೇಕು. ಹಾಲು ಕುಡಿದರೆ ಉರಿ ಶಮನ ಅಂತಾರೆ. ಖಾರದಿಂದ ಆಸಿಡ್ ಅಂತಾರೆ. ಸರಿಯಾ?

ಪಾಠದ_ಮಾಸ್ಟ್ರು, ದೇರಳಕಟ್ಟೆ

ಹಾಲು ಮೊದಲು ಸ್ವಲ್ಪ ಆಸಿಡ್ ಹೀರಿಕೊಳ್ಳುತ್ತದೆ, ತಂಪು ಅನಿಸುತ್ತದೆ. ಅದರಲ್ಲಿರುವ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಗ್ಯಾಸ್ಟ್ರಿನ್ ಬಿಡಿಸುತ್ತವೆ. ಸ್ವಲ್ಪ ಹೊತ್ತಿನಲ್ಲಿ ಆಸಿಡ್ ಮತ್ತೆ ಬರುತ್ತದೆ. ಮಲಗುವ ಮೊದಲು ದೊಡ್ಡ ಲೋಟ ಹಾಲು ಔಷಧ ಅಲ್ಲ. ಕಾಫಿಯೂ ಆಸಿಡ್ ಬರಿಸುತ್ತದೆ, ಕೆಫೀನ್ ತೆಗೆದದ್ದು ಸಹ.

ಖಾರದ ವಿಷಯ ಬೇರೆ. ಮೆಣಸಿನ ಖಾರ ತಟ್ಟುವುದು ಉರಿ ತಿಳಿಸುವ ನರಗಳನ್ನು. ಆಸಿಡ್ ಹೆಚ್ಚದೆಯೂ ಉರಿಯುತ್ತದೆ. ಕೋರಿ ರೊಟ್ಟಿ ತಿಂದ ರಾತ್ರಿ ತೊಂದರೆ ಕೊಡುವುದರಲ್ಲಿ ಮೆಣಸಿನಷ್ಟೇ ಪಾಲು ತೆಂಗಿನ ಹಾಲು ಮತ್ತು ಎಣ್ಣೆಯದ್ದು. ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಬರುತ್ತದೆ. ಜಠರ ಖಾಲಿಯಾಗುವುದನ್ನು ಅದು ನಿಧಾನ ಮಾಡುತ್ತದೆ, ಅನ್ನನಾಳದ ಬಾಗಿಲನ್ನೂ ಸಡಿಲಿಸುತ್ತದೆ. ಕೊಬ್ಬಿನಿಂದ ಆಸಿಡ್ ತಯಾರಿಕೆ ಕಡಿಮೆಯಾಗುತ್ತದೆ, ಆದರೂ ಎದೆ ಉರಿ ಹೆಚ್ಚುತ್ತದೆ. ನಿಮ್ಮ ಗಂಜಿಯ ಸಲಹೆಗೆ ಬಲ ಇದೆ. ಅದರಲ್ಲಿ ಪ್ರೋಟೀನ್ ಕಡಿಮೆ, ಕೊಬ್ಬು ಕಡಿಮೆ. ಗ್ಯಾಸ್ಟ್ರಿನ್‌ಗೆ ಹೋಗುವ ಕರೆಯೂ ಸಣ್ಣದು, ಜಠರವೂ ಬೇಗ ಖಾಲಿ.

ಬಿಎಸ್ಸಿ_ಕುಂದಾಪುರ

ಹೆಲಿಕೋಬ್ಯಾಕ್ಟರ್ ಪೈಲೋರಿ ಬಗ್ಗೆ ಯಾರೂ ಹೇಳಲಿಲ್ಲ. ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಅದು ದೂತರ ವ್ಯವಸ್ಥೆಯನ್ನೂ ಕೆಡಿಸುತ್ತದಾ ಸರ್?

ಪಾಠದ_ಮಾಸ್ಟ್ರು, ದೇರಳಕಟ್ಟೆ

ಕೆಡಿಸುತ್ತದೆ. ಜಠರದ ಕೆಳಭಾಗದಲ್ಲಿ ಮಾತ್ರ ಸೋಂಕು ಇದ್ದರೆ ಡಿ ಕೋಶಗಳ ಸೊಮಾಟೊಸ್ಟಾಟಿನ್ ಕುಗ್ಗುತ್ತದೆ. ಬ್ರೇಕ್ ಸಡಿಲ, ಗ್ಯಾಸ್ಟ್ರಿನ್ ಜಾಸ್ತಿ, ಆಸಿಡ್ ಜಾಸ್ತಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣು. ಸೋಂಕು ಮೇಲಿನ ಭಾಗಕ್ಕೆ ಹರಡಿ ಆಸಿಡ್ ಕೋಶಗಳೇ ನಾಶವಾದರೆ ಆಸಿಡ್ ಕಡಿಮೆಯಾಗುತ್ತದೆ. ಒಂದೇ ಬ್ಯಾಕ್ಟೀರಿಯಾ, ಕೂತ ಜಾಗದ ಮೇಲೆ ಫಲ ತಿರುಗುಮುರುಗು.

ಕಡಿಯಾಳಿ_ಮಗಳು, ಉಡುಪಿ

ಡಾಕ್ಟರನ್ನು ಕಂಡೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿ ಇದೆ. ಡೈಕ್ಲೋಫೆನಾಕ್ ಬಂದ್. ಮಂಡಿಗೆ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ. ಪ್ಯಾಂಟೊಪ್ರಜೋಲ್ ಮತ್ತೆ ಶುರು ಮಾಡಿದ್ದಾರೆ. ಸ್ವಲ್ಪ ಕಾಲ ಕಳೆದ ಮೇಲೆ ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ, ಹೀಗೆ ಇಳಿಸುವ ಅಂದರು. ವರ್ಷಗಳಿಂದ ತಿಂದ ಕಾರಣ ಬಿ12 ಸಹ ನೋಡಿಸುತ್ತಿದ್ದಾರೆ. ಪೈಲೋರಿಗೆ ಉಸಿರಿನ ಪರೀಕ್ಷೆ ಬರೆದಿದ್ದಾರೆ, ಅದು ಮಾತ್ರೆ ಇಳಿಸಿ ನಿಲ್ಲಿಸಿದ ಮೇಲೆ. ಆಗ ಮಧ್ಯದಲ್ಲಿ ಉರಿ ಬಂದರೆ ಏನು ಮಾಡುವುದು?

ಮೆಡಿಕಲ್_ಕೌಂಟರ್, ಮಂಗಳೂರು

ಉಸಿರಿನ ಪರೀಕ್ಷೆಗೆ ಮೊದಲು ಎರಡು ವಾರ ಪ್ಯಾಂಟೊಪ್ರಜೋಲ್ ಇರಬಾರದು. ಇದ್ದರೆ ಬ್ಯಾಕ್ಟೀರಿಯಾ ಅಡಗಿ, ಇಲ್ಲ ಅಂತ ಸುಳ್ಳು ಫಲಿತಾಂಶ ಬರಬಹುದು. ಆಂಟಿಬಯೋಟಿಕ್ ತಿಂದಿದ್ದರೆ ನಾಲ್ಕು ವಾರದ ಅಂತರ ಬೇಕು. ಆ ಎರಡು ವಾರ ಉರಿ ಬಂದರೆ ಊಟದ ನಂತರ ಮತ್ತು ಮಲಗುವ ಮೊದಲು ಜೆಲುಸಿಲ್‌ನಂಥದ್ದು ಸಾಕಾಗಬಹುದು. ಸಾಕಾಗದಿದ್ದರೆ ರಾತ್ರಿ ಫಾಮೋಟಿಡಿನ್ ಕೊಡಬಹುದಾ ಅಂತ ಡಾಕ್ಟರನ್ನೇ ಕೇಳಿ. ಮಾತ್ರೆ ಬಿಟ್ಟ ಮೇಲೆ ಬರುವ ಉರಿ ಹಿಸ್ಟಮಿನ್ ಜಾಸ್ತಿಯಾದದ್ದರಿಂದ ಅಲ್ವಾ, ಆ ದಾರಿಯನ್ನೇ ಅದು ತಡೆಯುತ್ತದೆ. ಪರೀಕ್ಷೆಯ ಹಿಂದಿನ ದಿನ ಅದನ್ನೂ ಬಿಡಬೇಕಾ ಅಂತ ಲ್ಯಾಬಿನವರಲ್ಲಿ ವಿಚಾರಿಸಿ. ಕಿಡ್ನಿ ತೊಂದರೆ ಇದ್ದರೆ ಫಾಮೋಟಿಡಿನ್ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಅಪ್ಪನಿಗೆ ಬಿಪಿ ಇದೆ, ಡೈಕ್ಲೋಫೆನಾಕ್ ಸಹ ಇಷ್ಟು ಕಾಲ ತಿಂದಿದ್ದಾರೆ. ಹಾಗಾಗಿ ಬಿ12 ಜೊತೆಗೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಸಹ ಒಂದು ಸಲ ನೋಡಿಸಿ.